ಥಂಡಿ ಇರೂದು ಬನಿಯನ್ನಿನಾಗ

ಕೃಷ್ಣಾ ತೀರದ ಸವಾರರು ಚಳಿ ಬಂತೆಂದರೆ ಮೇಲಿನ ಜರ್ಕಿನ್‌ಗೆ ದುಡ್ಡು ಸುರಿಯುತ್ತಾರೆ, ಮೈಗಂಟಿದ ಬಟ್ಟೆಯನ್ನು ಮರೆಯುತ್ತಾರೆ. ಬೈಕ್ ಸವಾರಿಗೆ ಥರ್ಮಲ್ ಯಾಕೆ ಬೇಕು, ಎಂಥದ್ದು ಬೇಕು, ಅಂಗಡಿಯಲ್ಲಿ ಅದನ್ನು ಪರೀಕ್ಷಿಸುವುದು ಹೇಗೆ?

ನಮ್ಮ ಕಡೆ ಚಳಿಯೂ ಕಬ್ಬಿನ ಹಂಗಾಮೂ ಜೋಡಿಯಾಗಿಯೇ ಬರುತ್ತವೆ. ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳ ಬಾಯ್ಲರ್‌ಗೆ ಬೆಂಕಿ ಬಿತ್ತೆಂದರೆ ಯಡೂರು, ಮಾಂಜರಿ, ಅಂಕಲಿ, ಕಲ್ಲೋಳದ ರಸ್ತೆಗಳಿಗೆ ರಾತ್ರಿ ನಿದ್ದೆ ಇಲ್ಲ. ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್‌ಗಳ ಸಂದಿಯಲ್ಲಿ ಬೈಕ್‌ಗಳು ನುಸುಳುತ್ತಿರುತ್ತವೆ. ಬೆಳಗಿನ ಜಾವ ಡೇರಿಗೆ ಹಾಲಿನ ಕ್ಯಾನ್ ಒಯ್ಯುವವರು, ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಕಾದು ಕಬ್ಬಿಗೆ ನೀರು ಹಾಯಿಸಿ ಮನೆಗೆ ಮರಳುವವರು, ಮಿರಜ್ ಮತ್ತು ಕಾಗಲ್ ಕಡೆಯ ಕೈಗಾರಿಕಾ ಪ್ರದೇಶಗಳಿಗೆ ಮೊದಲ ಪಾಳಿಗೆ ಹೊರಟವರು, ಇಚಲಕರಂಜಿಯ ಪವರ್‌ಲೂಮ್‌ಗಳಿಂದ ಪಾಳಿ ಮುಗಿಸಿ ಬರುವವರು, ಚಿಕ್ಕೋಡಿಯ ಕಾಲೇಜಿಗೆ ಹೋಗುವ ಹುಡುಗರು. ಇವರ್‍ಯಾರೂ ಹವ್ಯಾಸಕ್ಕೆ ಗಾಡಿ ಓಡಿಸುವವರಲ್ಲ. ಥಂಡಿ ಇದ್ದರೂ ಇರದಿದ್ದರೂ ಐದು ಗಂಟೆಗೆ ಕಿಕ್ ಹೊಡೆಯಲೇಬೇಕು.

ಇವರ ಮೈಮೇಲಿನ ಸರಂಜಾಮು ನೋಡಿ. ತಲೆಗೆ ಮಂಕಿ ಕ್ಯಾಪ್, ಕಿವಿ ಮುಚ್ಚಿ ಸುತ್ತಿದ ಟವೆಲ್, ಅಂಗಿಯ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ಜರ್ಕಿನ್. ಇಷ್ಟೆಲ್ಲದರ ಒಳಗೆ, ಚರ್ಮಕ್ಕೆ ತಾಗಿ, ಬೇಸಿಗೆಯಲ್ಲೂ ಹಾಕುತ್ತಿದ್ದ ಅದೇ ಹತ್ತಿ ಬನಿಯನ್. ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿ ಕೈ ಉಜ್ಜಿಕೊಳ್ಳುತ್ತ, “ಎಷ್ಟ್ ಹಾಕ್ಕೊಂಡ್ರೂ ಥಂಡಿ ಬಿಡವಲ್ದು ನೋಡ್ರಿ ಕಾಕಾ” ಅನ್ನುವ ಮಾತು ದಿನಾ ಕಿವಿಗೆ ಬೀಳುತ್ತದೆ. ಬಿಡದಿರುವುದಕ್ಕೆ ಕಾರಣ ಹಲವು ಸಲ ಆ ಬನಿಯನ್ನಿನಲ್ಲೇ ಇರುತ್ತದೆ.

ಹೊಳೆದಂಡೆಯ ಚಳಿ

ಬೆಳಗಾವಿ ಜಿಲ್ಲೆಯ ಚಳಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಚಿಕ್ಕೋಡಿಯ ದಿಬ್ಬದಿಂದ ಅಂಕಲಿ ಕಡೆಗೆ ಮುಂಜಾನೆ ಗಾಡಿಯಲ್ಲಿ ಇಳಿದವರಿಗೆ ಇದು ಗೊತ್ತು. ಇಳಿಜಾರು ಮುಗಿದು ಕಬ್ಬಿನ ಗದ್ದೆಗಳ ನಡುವೆ ಹೊಕ್ಕಕೂಡಲೇ ಮೊಣಕಾಲಿಗೆ ತಣ್ಣೀರು ಎರಚಿದಂತಾಗುತ್ತದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ, ನೀರು ಹರಿಯುವ ದಾರಿಯಲ್ಲೇ ತಗ್ಗಿಗೆ ಜಾರಿ ಹೊಳೆಯ ಬಯಲಿನಲ್ಲಿ ಮಡುಗಟ್ಟುತ್ತದೆ. ದಿಬ್ಬದ ಮೇಲಿನ ಊರಿಗಿಂತ ತಗ್ಗಿನ ಊರು ಬೆಳಗಿನ ಜಾವ ಹೆಚ್ಚು ತಣ್ಣಗಿರುವುದು ಇದರಿಂದಲೇ.

ಯಡೂರಿನ ಹತ್ತಿರ ದೂಧಗಂಗೆ ಬಂದು ಕೃಷ್ಣೆಯನ್ನು ಸೇರುತ್ತಾಳೆ. ಸುತ್ತ ನೀರಾವರಿ ಗದ್ದೆ, ನೆಲದಲ್ಲಿ ಸದಾ ತೇವ. ಮಳೆಗಾಲದಲ್ಲಿ ಮುಳುಗಿ ವರ್ಷವರ್ಷವೂ ಪತ್ರಿಕೆಯಲ್ಲಿ ಸುದ್ದಿಯಾಗುವ ಕಲ್ಲೋಳ–ಯಡೂರು ಸೇತುವೆ ಚಳಿಗಾಲದಲ್ಲಿ ಬೇರೆಯೇ ಮುಖ ತೋರಿಸುತ್ತದೆ. ಆ ಹೊತ್ತಿಗೆ ಹೊಳೆಯ ನೀರು ಮೇಲಿನ ಗಾಳಿಗಿಂತ ಬೆಚ್ಚಗಿರುವುದರಿಂದ ನೀರಿನ ಮೈಯಿಂದ ಹಬೆ ಏಳುತ್ತದೆ. ಸವಾರ ಆ ಮಂಜಿನೊಳಗೆ ಹೊಕ್ಕು ಆಚೆ ಬರುವಷ್ಟರಲ್ಲಿ ಸ್ವೆಟರ್‌ನ ಎಳೆಎಳೆಯ ಮೇಲೂ ಸಣ್ಣ ಹನಿ ಕೂತಿರುತ್ತದೆ. ಮೈಯೊಳಗಿನ ಬೆವರಿನ ಜೊತೆಗೆ ಹೊರಗಿನ ತೇವವೂ ಸೇರಿತು.

ಇನ್ನು ಬಿಸಿಲು. ಡಿಸೆಂಬರ್–ಜನವರಿಯಲ್ಲಿ ಹತ್ತು–ಹನ್ನೆರಡು ಡಿಗ್ರಿಯ ಆಸುಪಾಸಿನಲ್ಲಿ ಶುರುವಾಗುವ ದಿನ ಮಧ್ಯಾಹ್ನಕ್ಕೆ ಮೂವತ್ತರ ಹತ್ತಿರ ಹೋಗುತ್ತದೆ. ಲಡಾಖಿನ ಸವಾರನಿಗೆ ಈ ತಾಪತ್ರಯ ಇಲ್ಲ. ಅವನಿಗೆ ಇಡೀ ದಿನ ಥಂಡಿಯೇ. ನಮಗೆ ಒಂದೇ ದಿನದಲ್ಲಿ ಎರಡು ಹವೆ. ಹಿಮದ ನಾಡಿಗೆಂದು ಮಾಡಿದ ದಪ್ಪ ಥರ್ಮಲ್ ತಂದು ಹಾಕಿಕೊಂಡರೆ ಹತ್ತು ಗಂಟೆಗೆಲ್ಲ ಮೈ ಬೆವೆತು ನೀರಾಗುತ್ತದೆ, ಸಂಜೆ ಮರಳುವಾಗ ಆ ಬೆವರೇ ಕೊರೆಯುತ್ತದೆ. ಆದ್ದರಿಂದ ಈ ಭಾಗದವರು ಥರ್ಮಲ್ ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ‘ಇದು ಎಷ್ಟು ಬೇಗ ಒಣಗುತ್ತದೆ?’ ಎಂಬುದು. ಎಷ್ಟು ಬೆಚ್ಚಗಿದೆ ಎಂಬುದು ಆಮೇಲಿನ ಮಾತು.

ಗಾಳಿಯ ಲೆಕ್ಕ

ಮೈಯ ಸುತ್ತ ತೆಳ್ಳಗೆ ಒಂದು ಬೆಚ್ಚನೆಯ ಗಾಳಿಯ ಪದರ ಯಾವಾಗಲೂ ಇರುತ್ತದೆ. ನಿಂತಲ್ಲಿ ಅದೇ ನಮ್ಮನ್ನು ಕಾಯುತ್ತದೆ. ಗಾಡಿ ಓಡತೊಡಗಿದರೆ ಎದುರುಗಾಳಿ ಆ ಪದರವನ್ನು ಕಿತ್ತುಕೊಂಡು ಹೋಗುತ್ತದೆ, ಮೈ ಇನ್ನೊಂದು ಪದರ ಕಾಯಿಸುವಷ್ಟರಲ್ಲಿ ಅದೂ ಹೋಗಿರುತ್ತದೆ. ಇದನ್ನು ಅಳೆದು ಲೆಕ್ಕಕ್ಕೆ ತಂದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು. 1941ರಲ್ಲಿ ಅಂಟಾರ್ಕ್ಟಿಕಾದಲ್ಲಿ ಒಂದು ಸಣ್ಣ ಪಾತ್ರೆಯಲ್ಲಿ ನೀರು ತುಂಬಿ ಗಾಳಿಗೆ ಇಟ್ಟು, ಎಷ್ಟು ಗಾಳಿಗೆ ಎಷ್ಟು ಹೊತ್ತಿನಲ್ಲಿ ಹೆಪ್ಪುಗಟ್ಟುತ್ತದೆ ಎಂದು ಬರೆದಿಟ್ಟುಕೊಂಡರು. 1945ರಲ್ಲಿ ಅದು ಅಚ್ಚಾಯಿತು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಆ ಸೂತ್ರವನ್ನು ತಿದ್ದಿ ಹೊಸದು ಮಾಡಿದವು.

ಬಯಲಲ್ಲಿ ನಡೆಯುವವನ ಮುಖಕ್ಕೆಂದು ಮಾಡಿದ ಲೆಕ್ಕ ಅದು. ಆದರೂ ಅಂದಾಜಿಗೆ ನಮ್ಮ ರಸ್ತೆಗೆ ಹೊಂದಿಸಿ ನೋಡಬಹುದು. ಹವೆ 10 ಡಿಗ್ರಿ ಇರುವಾಗ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ ಬರಿಯ ಚರ್ಮಕ್ಕೆ 6 ಡಿಗ್ರಿಯಂತೆ ಭಾಸವಾಗುತ್ತದೆ. 60ಕ್ಕೆ 5 ಡಿಗ್ರಿ. 80ಕ್ಕೆ ನಾಲ್ಕೂವರೆ ಡಿಗ್ರಿಯ ಹತ್ತಿರ. ಮೊದಲ 40 ಕಿ.ಮೀ. ವೇಗವೇ ನಾಲ್ಕು ಡಿಗ್ರಿ ಕಸಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ವೇಗ ದುಪ್ಪಟ್ಟಾದರೂ ಹೋಗುವುದು ಇನ್ನೊಂದೂವರೆ ಡಿಗ್ರಿ ಅಷ್ಟೇ. ನಿಧಾನ ಓಡಿಸಿದರೆ ಅಪಘಾತ ತಪ್ಪೀತು, ಥಂಡಿ ತಪ್ಪುವುದಿಲ್ಲ. ಥಂಡಿ ತಪ್ಪಬೇಕಾದರೆ ಗಾಳಿಯನ್ನೇ ತಡೆಯಬೇಕು.

ಹಾಗಾಗಿ ಥರ್ಮಲ್ ಬಗ್ಗೆ ಮಾತಾಡುವ ಮೊದಲು ಮೇಲಿನ ಪದರದ ಬಗ್ಗೆ ಒಂದು ಮಾತು. ಉಣ್ಣೆಯ ಸ್ವೆಟರ್ ಮನೆಯಲ್ಲಿ ಎಷ್ಟೇ ಬೆಚ್ಚಗಿದ್ದರೂ ಗಾಡಿಯ ಮೇಲೆ ಜಾಳಾಗುತ್ತದೆ, ಅದರ ಕಣ್ಣುಗಳಲ್ಲಿ ಗಾಳಿ ಸರಾಗವಾಗಿ ನುಗ್ಗುತ್ತದೆ. ಅದರ ಮೇಲೆ ಒಂದು ತೆಳ್ಳನೆಯ ವಿಂಡ್‌ಚೀಟರ್ ಬಿದ್ದರೆ ಅದೇ ಸ್ವೆಟರ್ ಬೇರೆಯಾಗುತ್ತದೆ. ಹಳೆಯ ಕಾಲದ ಸೈಕಲ್, ಲೂನಾ ಸವಾರರು ಅಂಗಿಯೊಳಗೆ ಎದೆಗೆ ದಿನಪತ್ರಿಕೆ ಮಡಿಚಿ ಇಟ್ಟುಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಕಾಗದದೊಳಗೆ ಗಾಳಿ ತೂರುವುದಿಲ್ಲ, ಮಡಿಕೆಗಳ ನಡುವೆ ಗಾಳಿ ಹಿಡಿದಿರುತ್ತದೆ. ಇಂದಿಗೂ ತುರ್ತಿಗೆ ಅದು ಸೊಗಸಾಗಿ ಕೆಲಸ ಮಾಡುತ್ತದೆ.

ಮಳೆಗಾಲದ ರೇನ್‌ಕೋಟನ್ನೇ ಚಳಿಗೂ ಹಾಕುವವರಿದ್ದಾರೆ. ಅರ್ಧ ಗಂಟೆಯ ದಾರಿಗೆ ತೊಂದರೆ ಇಲ್ಲ. ಅದಕ್ಕೂ ಹೆಚ್ಚಾದರೆ ಬೆವರು ಹೊರಹೋಗಲು ದಾರಿಯಿಲ್ಲದೆ ಒಳಗೇ ಸುರಿಯುತ್ತದೆ. ಮೈಗಂಟಿದ ಬಟ್ಟೆಯ ಗುಣ ಬಯಲಾಗುವುದು ಆಗಲೇ.

ಹತ್ತಿ ಕೈಕೊಡುವ ಹೊತ್ತು

ಹತ್ತಿಯನ್ನು ಬೈಯುವುದು ಈ ನೆಲದಲ್ಲಿ ಸುಲಭದ ಮಾತಲ್ಲ. ಬೇಸಿಗೆಯಲ್ಲಿ ಅದರಷ್ಟು ಹಿತವಾದ ಬಟ್ಟೆ ಇನ್ನೊಂದಿಲ್ಲ. ಯಾಕೆ ಹಿತ ಎಂದರೆ ಅದು ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ನಿಧಾನವಾಗಿ ಆರುತ್ತ ಮೈಯನ್ನು ತಂಪು ಮಾಡುತ್ತದೆ. ಮೇ ತಿಂಗಳಲ್ಲಿ ಉಪಕಾರ ಮಾಡುವ ಈ ಗುಣವೇ ಜನವರಿಯಲ್ಲಿ ಅಪಕಾರ ಮಾಡುತ್ತದೆ.

ಹಾಲು ಹಾಕುವವರ ಬೆಳಗನ್ನೇ ತಗೊಳ್ಳಿ. ಎಮ್ಮೆಗೆ ಮೇವು ಹಾಕಿ, ಸಗಣಿ ಬಳಿದು, ಹಿಂಡಿ, ಕ್ಯಾನ್ ಎತ್ತಿ ಗಾಡಿಗೆ ಕಟ್ಟುವಷ್ಟರಲ್ಲಿ ಥಂಡಿಯಲ್ಲೂ ಬೆನ್ನು, ಕಂಕುಳು ಒದ್ದೆಯಾಗಿರುತ್ತವೆ. ಆ ಒದ್ದೆ ಬನಿಯನ್ ಮೇಲೆಯೇ ಸ್ವೆಟರ್ ಏರಿಸಿ ಗಾಡಿ ಹತ್ತುತ್ತಾರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆಯ ಎಳೆಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲಿ ನೀರು ಕೂತರೆ ಮೈಯ ಕಾವು ಸೋರಿಹೋಗಲು ಅದೇ ಕಾಲುವೆಯಾಗುತ್ತದೆ. ಮೇಲೆ ಎಷ್ಟು ಸ್ವೆಟರ್ ಹಾಕಿದರೂ ಒಳಗಿನ ಒದ್ದೆ ಮಾಯವಾಗುವುದಿಲ್ಲ.

ಥರ್ಮಲ್ ಬಟ್ಟೆಯ ಕಸುಬು ಇಲ್ಲಿದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ ಅದರ ಎಳೆಗಳು ಬೆವರನ್ನು ಚರ್ಮದಿಂದ ಎಳೆದು ಹೊರಮೈಗೆ ಹರಡುತ್ತವೆ, ಅಲ್ಲಿಂದ ಅದು ಆರಿಹೋಗುತ್ತದೆ. ಎಳೆಗಳ ನಡುವಿನ ಗಾಳಿ ಒಣಗಿಯೇ ಉಳಿಯುತ್ತದೆ. ಹಾಗಾಗಿ ಒಂದು ಶಿಸ್ತು ರೂಢಿ ಮಾಡಿಕೊಂಡರೆ ಅರ್ಧ ಯುದ್ಧ ಗೆದ್ದಂತೆ: ಕೊಟ್ಟಿಗೆಯ ಕೆಲಸಕ್ಕೆ ಬೇರೆ ಬನಿಯನ್, ಗಾಡಿ ಹತ್ತುವಾಗ ಮೈ ಒರೆಸಿಕೊಂಡು ಒಣಗಿದ ಥರ್ಮಲ್. ಇದಕ್ಕೆ ಎರಡು ನಿಮಿಷ ಸಾಕು.

ಕಂಬಳಿಯ ಉಣ್ಣೆ, ಮೆರಿನೋ ಉಣ್ಣೆ

ಚಳಿಗೆ ಉಣ್ಣೆ ಎಂಬುದನ್ನು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಕುರುಬರು ದಖನಿ ಕುರಿ ಸಾಕಿ, ಅದರ ಉಣ್ಣೆ ನೂತು, ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಕಂಬಳಿ ನೇಯುತ್ತ ಬಂದವರು. ಅದೇ ಕಂಬಳಿಯನ್ನು ಮಡಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಹೊಲದಲ್ಲಿ ತುಂತುರು ಮಳೆಗೂ ಆಯಿತು, ರಾತ್ರಿ ಕುರಿ ಹಿಂಡು ಕಾಯುವಾಗ ಹೊದಿಕೆಯೂ ಆಯಿತು.

ಉಣ್ಣೆಯ ಗುಣ ವಿಚಿತ್ರ. ಎಳೆಯ ಹೊರಮೈ ನೀರಿನ ಹನಿಯನ್ನು ಬೇಗ ಒಳಗೆ ಬಿಡುವುದಿಲ್ಲ, ಒಳಮೈ ಮಾತ್ರ ತೇವದ ಆವಿಯನ್ನು ಹೀರಿಕೊಳ್ಳುತ್ತದೆ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಅಷ್ಟಿಷ್ಟು ಶಾಖವನ್ನೂ ಬಿಡುತ್ತದೆ. ಎಳೆ ಹುಟ್ಟಿನಿಂದಲೇ ಗುಂಗುರಾಗಿರುವುದರಿಂದ ಒತ್ತಿದರೂ ಮತ್ತೆ ಉಬ್ಬಿ ಗಾಳಿ ಹಿಡಿಯುತ್ತದೆ.

ಹಾಗಿದ್ದರೆ ದಖನಿ ಉಣ್ಣೆಯ ಬನಿಯನ್ನನ್ನೇ ಯಾಕೆ ಹಾಕಬಾರದು? ಚುಚ್ಚುತ್ತದೆ, ಅದಕ್ಕೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಎಳೆ ಸುಮಾರು 30 ಮೈಕ್ರಾನ್‌ಗಿಂತ ದಪ್ಪವಾದರೆ ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗುವ ಬದಲು ಚುಚ್ಚುತ್ತದೆ. ದಖನಿ ಕುರಿಯ ಉಣ್ಣೆ ಆ ಗೆರೆ ದಾಟಿದ್ದು, ಜೊತೆಗೆ ಕೂದಲೂ ಬೆರೆತಿರುತ್ತದೆ. ಕಂಬಳಿಗೆ, ಜಮಖಾನೆಗೆ ಅದು ಗಟ್ಟಿ; ಒಳಬಟ್ಟೆಗೆ ಅಲ್ಲ. ಮೆರಿನೋ ಕುರಿಯ ಉಣ್ಣೆ 20 ಮೈಕ್ರಾನ್‌ಗಿಂತಲೂ ತೆಳುವಾಗಿ ಸಿಗುತ್ತದೆ. ಅದರಿಂದ ಹೆಣೆದ ಬನಿಯನ್ ಚುಚ್ಚುವುದಿಲ್ಲ, ನಾಲ್ಕು ದಿನ ಹಾಕಿದರೂ ಬೆವರುನಾತ ಹೊಡೆಯುವುದು ಕಡಿಮೆ. ಉಣ್ಣೆಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ. ಹತ್ತಿದರೂ ಕರಿಕಾಗುತ್ತದೆ, ಕರಗಿ ಮೈಗೆ ಅಂಟುವುದಿಲ್ಲ.

ಮೆರಿನೋಗೆ ಎರಡು ಅಡ್ಡಿ. ಬೆಲೆ ಸಾವಿರಗಳಲ್ಲಿ ಹೋಗುತ್ತದೆ, ಒಗೆಯುವಾಗ ಮಗುವಿನಂತೆ ನೋಡಬೇಕು. ಬಂಡೆಗೆ ಬಡಿದು ಒಗೆಯುವ ಮನೆಗೆ ಅದು ಹೊಂದುವುದಿಲ್ಲ. ದಿನಾ ಹಾಲಿನ ಕ್ಯಾನ್ ಹೇರುವವರಿಗೆ ಮೆರಿನೋ ಕೊಳ್ಳಿ ಎಂದು ಹೇಳುವುದು ಅನ್ಯಾಯ. ವರ್ಷಕ್ಕೊಮ್ಮೆ ಗೆಳೆಯರ ಜೊತೆ ವಾರಗಟ್ಟಲೆ ಗಾಡಿ ಪ್ರವಾಸ ಹೋಗುವವರಿಗೆ, ಒಂದೇ ಬನಿಯನ್ನಿನಲ್ಲಿ ದಿನ ದೂಡುವವರಿಗೆ, ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ಪೇಟೆಯಲ್ಲಿ ಸಿಗುವುದೇನು?

ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಬಟ್ಟೆ ಅಂಗಡಿಗಳಲ್ಲಿ ‘ಥರ್ಮಲ್’ ಎಂದು ಕೇಳಿದರೆ ಮೂರು ಬಗೆ ಮುಂದೆ ಬರುತ್ತವೆ.

ಮೊದಲನೆಯದು ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸಿದ್ದು, ಚೌಕಚೌಕದ ಹೆಣಿಗೆಯದು ಅಥವಾ ಎರಡು ಪದರ ಸೇರಿಸಿ ಕ್ವಿಲ್ಟ್ ಮಾಡಿದ್ದು. ಲಕ್ಸ್, ರೂಪಾ, ಡಾಲರ್ ಮುಂತಾದ ಹೆಸರಿನ ಜೊತೆಗೆ ಲುಧಿಯಾನಾದ ಹೊಸೈರಿ ಮಾಲೂ ಇರುತ್ತದೆ. ಬೆಲೆ ಕೈಗೆಟಕುವಂಥದ್ದು. ಮನೆಯಲ್ಲಿ ಕೂರುವವರಿಗೆ, ರಾತ್ರಿ ಮಲಗುವಾಗ ಹಾಕುವ ವಯಸ್ಸಾದವರಿಗೆ ಇದೇ ಒಳ್ಳೆಯದು. ಬೆವರುವ ಕೆಲಸ ಇಲ್ಲದ ಸಣ್ಣ ಸವಾರಿಗೂ ನಡೆದೀತು. ಲೇಬಲ್‌ನಲ್ಲಿ ಹತ್ತಿಯ ಪಾಲು ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಮೇಲೆ ಹೇಳಿದ ಬನಿಯನ್ನಿನ ಕತೆಯೇ ದಪ್ಪಗಾಗಿ ಬಂತು ಎಂದು ತಿಳಿಯಿರಿ. ಬಿದಿರಿನ ಬಟ್ಟೆ ಎಂದು ಮಾರುವುದೂ ಹೆಚ್ಚಾಗಿ ವಿಸ್ಕೋಸ್. ನುಣುಪಾಗಿರುತ್ತದೆ, ಒದ್ದೆಯಾದರೆ ಹತ್ತಿಯ ಸಾಲಿಗೇ ಸೇರುತ್ತದೆ.

ಎರಡನೆಯದು ಒಳಗೆ ತುಪ್ಪಳದಂತೆ ಉಜ್ಜಿ ಎಬ್ಬಿಸಿದ ಪಾಲಿಯೆಸ್ಟರ್. ಮುಟ್ಟಿದರೆ ಬೆಚ್ಚಗೆ, ಮೆತ್ತಗೆ. ಪಾಲಿಯೆಸ್ಟರ್ ಎಳೆ ತೇವವನ್ನು ಒಳಕ್ಕೆ ಹೀರುವುದೇ ಇಲ್ಲ ಎನ್ನಬಹುದು. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 8ರಷ್ಟು, ಉಣ್ಣೆ ಶೇ. 16ರಷ್ಟು ತೇವ ಹಿಡಿದಿದ್ದರೆ ಇದು ಅರ್ಧ ಪರ್ಸೆಂಟೂ ಹಿಡಿಯುವುದಿಲ್ಲ. ಹಾಗಾಗಿ ಬೇಗ ಒಣಗುತ್ತದೆ. ತುಪ್ಪಳ ದಪ್ಪಗಿದ್ದರೆ ನಮ್ಮ ಹವೆಗೆ ಮಾತ್ರ ಅತಿಯಾಗುತ್ತದೆ.

ಮೂರನೆಯದು ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ ತೆಳ್ಳನೆಯ, ಮೈಗೆ ಅಂಟಿ ಕೂರುವ ಪಾಲಿಯೆಸ್ಟರ್ ಬನಿಯನ್, ಸ್ವಲ್ಪ ಎಲಾಸ್ಟಿಕ್ ದಾರ ಬೆರೆಸಿದ್ದು. ನೋಡಿದರೆ, “ಇದರಾಗೇನ್ ಥಂಡಿ ತಡೀತೈತಿ?” ಅನ್ನಿಸುತ್ತದೆ. ಕೃಷ್ಣಾ ತೀರದ ದುಡಿಯುವ ಸವಾರನಿಗೆ ನಾನು ಶಿಫಾರಸು ಮಾಡುವುದು ಇದನ್ನೇ. ಮುಂಜಾನೆ ಸ್ವೆಟರ್ ಮತ್ತು ವಿಂಡ್‌ಚೀಟರ್ ಕೆಳಗೆ ಮೈಯನ್ನು ಒಣಗಿಸಿಡುತ್ತದೆ, ಮಧ್ಯಾಹ್ನ ಬರಿ ಅಂಗಿಯ ಕೆಳಗಿದ್ದರೂ ಬೇಯಿಸುವುದಿಲ್ಲ, ರಾತ್ರಿ ಒಗೆದು ಹಾಕಿದರೆ ಬೆಳಗಿಗೆ ಒಣಗಿರುತ್ತದೆ. ನಾತ ಬೇಗ ಹಿಡಿಯುವುದು ಇದರ ದೋಷ. ಎರಡು ಇಟ್ಟುಕೊಂಡು ದಿನಾ ಒಗೆದರೆ ಆಯಿತು.

ಕೃತಕ ಎಳೆಯ ಬಗ್ಗೆ ಒಂದು ಎಚ್ಚರಿಕೆ ಈ ಭಾಗಕ್ಕೆ ತೀರಾ ಅಗತ್ಯ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಗೆ ಕರಗುತ್ತದೆ. ಹೊಲದ ಬದಿಯಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಸೋಗೆಗೆ, ಬೆಂಕಿ ಹಚ್ಚಿ ಮೈ ಕಾಯಿಸಿಕೊಳ್ಳುವುದು ಇಲ್ಲಿ ದಿನದ ರೂಢಿ. ಒಣ ರವದಿಯ ಉರಿ ಒಮ್ಮೆಲೇ ಏಳುತ್ತದೆ, ಕಿಡಿ ಹಾರುತ್ತದೆ. ಕೃತಕ ಎಳೆಯ ಬಟ್ಟೆ ತೊಟ್ಟವರು ಅದರಿಂದ ದೂರ ನಿಲ್ಲಬೇಕು. ಬಿದ್ದಾಗಲೂ ಅಷ್ಟೇ, ಡಾಂಬರಿಗೆ ಉಜ್ಜಿ ಕಾದ ಪಾಲಿಯೆಸ್ಟರ್ ಚರ್ಮಕ್ಕೆ ಅಂಟುತ್ತದೆ. ಅದರ ಮೇಲೆ ಗಟ್ಟಿ ಬಟ್ಟೆಯ ಪ್ಯಾಂಟು, ಜಾಕೆಟ್ ಇರಲೇಬೇಕು.

ಅಂಗಡಿಯ ಕಟ್ಟೆಯ ಮೇಲೆ

“ಒಂದ್ ನಂಬರ್ ಮಾಲ್ ಐತ್ರಿ ಅಣ್ಣಾ, ಕಾಶ್ಮೀರಕ್ಕ ಹೋಗೂ ಮಾಲ್” ಎಂದು ಅಂಗಡಿಯವ ಪ್ಯಾಕೆಟ್ ಒಡೆದು ಹಾಸುತ್ತಾನೆ. ಅವನ ಮಾತು ಕೇಳುತ್ತಲೇ ಕೈ ತನ್ನ ಕೆಲಸ ಮಾಡಲಿ. ಮೊದಲು ಬಟ್ಟೆಯನ್ನು ಒಳಹೊರಗು ಮಾಡಿ. ಚರ್ಮಕ್ಕೆ ತಾಗುವುದು ಆ ಮಗ್ಗುಲು, ಹೊರಗಿನ ಬಣ್ಣ ನೋಡಿ ಏನಾಗಬೇಕು? ಹೊಲಿಗೆಯ ಮೇಲೆ ಬೆರಳಾಡಿಸಿ. ದಿಂಡಾಗಿ ಎದ್ದಿದ್ದರೆ ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಅದು ಒಂದೇ ಸವಾರಿಗೆ ತರಚುತ್ತದೆ. ಎರಡು ಅಂಚು ಒಂದರ ಪಕ್ಕ ಒಂದು ಕೂತು ಚಪ್ಪಟೆಯಾಗಿ ಹೊಲಿದಿರಬೇಕು. ಪ್ಯಾಂಟಿನ ಹಿಂಬದಿಯ ಹೊಲಿಗೆ ಸರಿಯಾಗಿ ಕೂರುವ ಜಾಗಕ್ಕೇ ಬರುತ್ತದೆಯೇ ನೋಡಿ, ಬಂದರೆ ಬೇಡ.

ಆಮೇಲೆ ತೋಳಿನ ತುದಿ ಹಿಡಿದು ಹಿಗ್ಗಿಸಿ ಬಿಡಿ. ತಟ್ಟನೆ ಮೊದಲಿನಂತಾದರೆ ಸರಿ; ಸಡಿಲ ಬಾಯಿ ಬಿಟ್ಟುಕೊಂಡು ಕೂತರೆ ಹತ್ತು ಒಗೆತಕ್ಕೆ ಅದು ಜೋಲುತ್ತದೆ, ಮಣಿಕಟ್ಟಿನಿಂದ ಗಾಳಿ ಕಂಕುಳವರೆಗೆ ಹೋಗುತ್ತದೆ. ಬೆಳಕಿಗೆ ಹಿಡಿದು ನೋಡಿ, ಒಂದು ಕಡೆ ಜಾಳು, ಒಂದು ಕಡೆ ದಪ್ಪ ಇದ್ದರೆ ಹೆಣಿಗೆ ಕಚ್ಚಾ. ಕಡೆಗೆ ಅಂಗಡಿಯವನ ಅಪ್ಪಣೆ ಕೇಳಿ ಒಳಮಗ್ಗುಲಿಗೆ ಒಂದು ಹನಿ ನೀರು ಬಿಡಿ. ಹನಿ ಅಲ್ಲೇ ಗುಂಡಗೆ ಕೂತರೆ ಬೆವರು ಎಳೆಯುವ ಗುಣ ಇಲ್ಲ. ಕ್ಷಣದಲ್ಲಿ ಹರಡಿ, ಹೊರಮಗ್ಗುಲಲ್ಲಿ ಅಗಲವಾದ ಕಲೆ ಮೂಡಿದರೆ ಬಟ್ಟೆ ತನ್ನ ಕೆಲಸ ಬಲ್ಲದು. ಉಣ್ಣೆಗೆ ಈ ಪರೀಕ್ಷೆ ಸಲ್ಲದು, ಅದು ಹನಿಯನ್ನು ತಡೆದು ಆವಿಯನ್ನು ಹೀರುವ ಜಾತಿ.

ಅಳತೆಯ ವಿಷಯ. “ಸ್ವಲ್ಪ ದೊಡ್ಡದ ಇರ್ಲಿ, ಒಗದ್ರ ಕುಗ್ಗತೈತಿ” ಎಂಬ ಹಿರಿಯರ ಮಾತು ಇಲ್ಲಿ ನಡೆಯುವುದಿಲ್ಲ. ಮೈಗೆ ತಾಗದ ಬಟ್ಟೆ ಬೆವರು ಎಳೆಯಲಾರದು. ಚರ್ಮಕ್ಕೆ ಅಂಟಿ ಕೂರಬೇಕು, ಆದರೆ ಉಸಿರು ಕಟ್ಟುವಷ್ಟು, ರಕ್ತ ತಡೆಯುವಷ್ಟು ಬಿಗಿ ಬೇಡ. ಹ್ಯಾಂಡಲ್ ಹಿಡಿದವರಂತೆ ಕೈ ಚಾಚಿ ಮುಂದೆ ಬಾಗಿ ನೋಡಿ. ಬೆನ್ನಿನ ಕಡೆ ಬನಿಯನ್ ಮೇಲೆದ್ದು ಸೊಂಟ ಕಂಡರೆ ಅದು ನಿಂತವರಿಗೆ ಹೊಲಿದ ಅಳತೆ. ಸವಾರನಿಗೆ ಹಿಂಬದಿ ಉದ್ದ ಬೇಕು.

ಎದೆ ಬೆಚ್ಚಗಿದ್ದರೆ ಕೈ ಬೆಚ್ಚಗೆ

ಎಲ್ಲರೂ ದೂರುವುದು ಕೈಬೆರಳನ್ನು. ಬೆರಳಿನ ಚರ್ಮ 15 ಡಿಗ್ರಿಗಿಂತ ಕೆಳಗಿಳಿದರೆ ಅದರ ಚುರುಕು ತಗ್ಗುತ್ತದೆ. ಕ್ಲಚ್, ಬ್ರೇಕ್ ಎರಡೂ ಬೆರಳಲ್ಲೇ ಇರುವಾಗ, ಮುಂದೆ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರೇಲರ್ ಇರುವಾಗ, ಇದು ಹಿತ–ಅಹಿತದ ಮಾತಾಗಿ ಉಳಿಯುವುದಿಲ್ಲ, ಜೀವದ ಮಾತಾಗುತ್ತದೆ. ಒಳ್ಳೆಯ ಗ್ಲೌಸ್ ಬೇಕು, ನಿಜ. ಆದರೆ ಬೆರಳು ತಣ್ಣಗಾಗುವ ತೀರ್ಮಾನ ಆಗುವುದು ಎದೆಯಲ್ಲಿ. ಎದೆ, ಹೊಟ್ಟೆಯ ಕಾವು ಇಳಿಯತೊಡಗಿದರೆ ಮೈ ಒಳಗಿನ ಅಂಗಗಳನ್ನು ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಬೆರಳಿಗೆ ಬಿಸಿ ರಕ್ತ ಬರುವುದು ನಿಂತ ಮೇಲೆ ಎಂಥ ಗ್ಲೌಸ್ ಇದ್ದರೂ ಸಾಲದು. ಒಣಗಿದ ಥರ್ಮಲ್ ಎದೆಯನ್ನು ಕಾದರೆ ಕೈಗೂ ಪಾಲು ಸಿಗುತ್ತದೆ.

ಕಾಲಿನದು ಬೇರೆ ಕತೆ. ಅಥಣಿ, ನಿಪ್ಪಾಣಿಯ ಕಡೆ ಚಪ್ಪಲಿ ಮೆಟ್ಟಿ ಗಾಡಿ ಓಡಿಸುವುದೇ ಹೆಚ್ಚು. ಊರ ಹೆಮ್ಮೆಯ ಕೊಲ್ಹಾಪುರಿ ಚಪ್ಪಲಿಯನ್ನು ಜಾತ್ರೆಗೆ ಮೆಟ್ಟಲಿ, ಮುಂಜಾನೆಯ ಸವಾರಿಗೆ ಬೂಟು, ಕಾಲುಚೀಲ ಇರಲಿ. ಮೊಣಕಾಲು ಎಂಜಿನ್ನಿನ ಇಕ್ಕೆಲದಲ್ಲಿ ಗಾಳಿಗೆ ನೇರ ಒಡ್ಡಿಕೊಂಡಿರುತ್ತದೆ, ಅಲ್ಲಿ ಮಾಂಸ ಕೊಬ್ಬು ಎರಡೂ ಕಡಿಮೆ. ಥರ್ಮಲ್ ಪ್ಯಾಂಟ್ ಒಂದೇ ಇಲ್ಲಿ ಸಾಲದು, ಮೇಲೆ ಗಾಳಿ ತಡೆಯುವ ಪ್ಯಾಂಟು ಬೇಕು.

ಸ್ಕೂಟಿ ಓಡಿಸುವ ಶಿಕ್ಷಕಿಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಈಗ ಹಳ್ಳಿಹಳ್ಳಿಯಲ್ಲಿದ್ದಾರೆ. ಸೀರೆಯ ಕೆಳಗೆ ಗಾಳಿ ನೇರ ನುಗ್ಗುತ್ತದೆ. ಲಂಗದ ಒಳಗೆ ತೆಳ್ಳನೆಯ ಥರ್ಮಲ್ ಲೆಗಿಂಗ್, ಮೇಲೆ ಉದ್ದ ತೋಳಿನ ವಿಂಡ್‌ಚೀಟರ್ ಇಷ್ಟಿದ್ದರೆ ದಾರಿ ಸಲೀಸು.

ಇನ್ನು ಟ್ಯಾಂಕಿನ ಮೇಲೆ ಕೂರುವ ಮಗು. ಮುಂಜಾನೆ ಶಾಲೆಗೆ ಬಿಡುವ ಅಪ್ಪಂದಿರು ಮಗುವನ್ನು ಮುಂದೆ ಕೂರಿಸಿಕೊಳ್ಳುತ್ತಾರೆ. ಎದುರುಗಾಳಿಯೆಲ್ಲ ಮೊದಲು ಬಡಿಯುವುದು ಆ ಮಗುವಿಗೆ. ಅಪ್ಪ ಅದರ ಮರೆಯಲ್ಲಿ ಬೆಚ್ಚಗಿರುತ್ತಾನೆ. ಮಕ್ಕಳ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಕಾವು ಬೇಗ ಹೋಗುತ್ತದೆ. ಮನೆಯಲ್ಲಿ ಒಂದೇ ಥರ್ಮಲ್, ಒಂದೇ ವಿಂಡ್‌ಚೀಟರ್ ಕೊಳ್ಳುವ ಶಕ್ತಿ ಇದ್ದರೆ ಅದು ಮಗುವಿನ ಪಾಲಿಗೆ ಹೋಗಬೇಕು. ಮಗುವನ್ನು ಹಿಂದಕ್ಕೆ ಕೂರಿಸುವುದಕ್ಕಂತೂ ಖರ್ಚೇ ಇಲ್ಲ.

ಘಾಟು ಹತ್ತುವವರಿಗೆ

ರಜೆಯಲ್ಲಿ ದೂರ ಹೋಗುವ ಹುಡುಗರ ಲೆಕ್ಕ ಬೇರೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಂಕೇಶ್ವರದಿಂದ ನಿಪ್ಪಾಣಿಗೆ ಬರುವ ತವಂದಿ ಘಾಟ್‌ನಲ್ಲಿ ರಾತ್ರಿ ಗಾಳಿಯ ಮಗ್ಗುಲು ತಿರುವು ತಿರುವಿಗೂ ಬದಲಾಗುತ್ತದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರ 1,300 ಮೀಟರ್‌ಗೂ ಎತ್ತರದಲ್ಲಿದೆ. ಅಲ್ಲಿನ ವೆಣ್ಣಾ ಕೆರೆಯ ಬದಿಯಲ್ಲಿ ಕೆಲವು ಚಳಿಗಾಲ ಇಬ್ಬನಿಯೇ ಹೆಪ್ಪುಗಟ್ಟುತ್ತದೆ. ಅಂಥ ಕಡೆಗೆ ಒಂದೇ ದಪ್ಪ ಥರ್ಮಲ್ ಒಯ್ಯುವ ಬದಲು ತೆಳುವಾದದ್ದು ಒಂದು, ಅದರ ಮೇಲೆ ಹಾಕಲು ಫ್ಲೀಸ್ ಒಂದು, ಮೇಲೆ ಗಾಳಿ ತಡೆಯುವ ಜಾಕೆಟ್ ಒಂದು ಒಯ್ಯಿರಿ. ಹತ್ತುವಾಗ ಹಾಕಿ, ಇಳಿಯುವಾಗ ತೆಗೆಯಿರಿ. ಕತ್ತಿನವರೆಗೆ ಜಿಪ್ ಇರುವ ಬನಿಯನ್ ಆದರೆ ಗಾಡಿ ನಿಲ್ಲಿಸಿ ಅರ್ಧ ಬಿಚ್ಚಿದರೂ ಸಾಕು, ಒಳಗಿನ ಬಿಸಿ ಹೊರಹೋಗುತ್ತದೆ. ಥರ್ಮಲ್ ಪ್ಯಾಂಟನ್ನು ದಾರಿಯಲ್ಲಿ ತೆಗೆಯುವುದು ಕಷ್ಟ, ಬೂಟು ಬಿಚ್ಚಬೇಕು, ಮರೆ ಹುಡುಕಬೇಕು. ಅದಕ್ಕೇ ಕಾಲಿಗೆ ಯಾವಾಗಲೂ ಮೈಯದಕ್ಕಿಂತ ತೆಳುವಾದದ್ದನ್ನೇ ಆರಿಸಿ.

ಬಟ್ಟೆಯ ತೂಕವನ್ನು ಜಿಎಸ್‌ಎಂ ಎಂದು ಬರೆದಿರುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ನಮ್ಮ ಕಡೆಯ ಸವಾರಿಗೆ 150ರ ಆಸುಪಾಸು ಸಾಕು. ಮಹಾಬಳೇಶ್ವರಕ್ಕೆ 200. ಅದಕ್ಕೂ ದಪ್ಪನೆಯದು ಹಿಮಾಲಯ ಹತ್ತುವವರಿಗೆ ಇರಲಿ.

ಮನೆಗೆ ತಂದ ಮೇಲೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಸುಡುವ ನೀರು ಬೇಡ, ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಡೀಷನರ್ ಅಂತೂ ಬೇಡವೇ ಬೇಡ. ಅದು ಎಳೆಗೆ ಲೇಪದಂತೆ ಕೂತು ಬೆವರು ಎಳೆಯುವ ಗುಣವನ್ನೇ ಕೊಲ್ಲುತ್ತದೆ. ಹಿಂಡದೆ ನೀರು ಒತ್ತಿ ತೆಗೆದು ನೆರಳಲ್ಲಿ ಒಣಗಿಸಿ. ಉಣ್ಣೆಯದಾದರೆ ತೂಗುಹಾಕದೆ ಹಾಸಿ ಒಣಗಿಸಿ, ಬೇಸಿಗೆಗೆ ಎತ್ತಿಡುವಾಗ ಒಣ ಬೇವಿನೆಲೆ ಜೊತೆಗಿಡಿ.

ಖರ್ಚಿನ ಸರತಿ

ಕೈಯಲ್ಲಿರುವ ದುಡ್ಡು ಸ್ವಲ್ಪ ಎಂದಾದರೆ ಅದನ್ನು ಯಾವ ಸರತಿಯಲ್ಲಿ ಖರ್ಚು ಮಾಡಬೇಕು? ಮೊದಲು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ಅದು ಕಾನೂನಿಗೂ ಆಯಿತು, ಮಂಕಿ ಕ್ಯಾಪ್ ಮಾಡಲಾಗದ ಗಾಳಿ ತಡೆಯುವ ಕೆಲಸವೂ ಆಯಿತು. ಎರಡನೆಯದು ವಿಂಡ್‌ಚೀಟರ್, ಹೆಸರಿಲ್ಲದ ಕಂಪನಿಯದಾದರೂ ಅಡ್ಡಿಯಿಲ್ಲ, ಕತ್ತು, ಮಣಿಕಟ್ಟು, ಸೊಂಟದಲ್ಲಿ ಬಿಗಿಯಾಗಿ ಮುಚ್ಚಿದರೆ ಸಾಕು. ಮೂರನೆಯದು ಬೇಗ ಒಣಗುವ ತೆಳ್ಳನೆಯ ಬನಿಯನ್ ಎರಡು. ನಾಲ್ಕನೆಯದು ಗ್ಲೌಸ್. ಸ್ವೆಟರ್ ಹೇಗೂ ಮನೆಯಲ್ಲಿದೆ. ಈ ಎಲ್ಲದರ ನಂತರವೂ ದುಡ್ಡು ಉಳಿದರೆ ಆ ದಪ್ಪ ಜಾಕೆಟ್ ಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಈಗ ಬಹಳ ಮಂದಿ ಈ ಸರತಿಯನ್ನು ತಲೆಕೆಳಗು ಮಾಡಿ ಜಾಕೆಟ್‌ನಿಂದ ಶುರುಮಾಡುತ್ತಾರೆ, ಬನಿಯನ್‌ವರೆಗೆ ಬರುವಷ್ಟರಲ್ಲಿ ಕಿಸೆ ಖಾಲಿ.

ಪಾಳಿಗೆ ಜನರನ್ನು ಕರೆಸಿಕೊಳ್ಳುವ ಕಾರ್ಖಾನೆಗಳು, ಬೆಳಗಿನ ಹಾಲು ಎದುರು ನೋಡುವ ಸಂಘಗಳು ಒಂದು ಕೆಲಸ ಮಾಡಬಹುದು. ದೀಪಾವಳಿಗೆ ಸಿಹಿ ಡಬ್ಬಿ, ಸ್ಟೀಲ್ ಪಾತ್ರೆ ಕೊಡುವ ಪದ್ಧತಿ ಹಲವು ಕಡೆ ಇದೆ. ಈ ವರ್ಷ ಅದರ ಬದಲು ಪ್ರತಿಯೊಬ್ಬರಿಗೂ ಬೇಗ ಒಣಗುವ ಬನಿಯನ್ ಎರಡು, ಮಿನುಗುವ ಪಟ್ಟಿ ಇರುವ ವಿಂಡ್‌ಚೀಟರ್ ಒಂದು ಕೊಟ್ಟರೆ ಹಂಗಾಮು ಮುಗಿಯುವವರೆಗೆ ದಿನಾ ಮುಂಜಾನೆ ಉಪಯೋಗಕ್ಕೆ ಬರುತ್ತದೆ. ಹಿಂದಿನಿಂದ ಬರುವ ಟ್ರ್ಯಾಕ್ಟರ್ ಚಾಲಕನಿಗೂ ಸವಾರ ದೂರದಿಂದಲೇ ಕಾಣುತ್ತಾನೆ.